ಮೂಲ್ಕಿಯಲ್ಲಿ ನಿಲ್ಲದ ಬೆಳಕು: ಮಂಗಳೂರು–ಉಡುಪಿ ಫೈಬರ್ ಮಾರ್ಗದ ಒಂದು ಪ್ರಕರಣ ಅಧ್ಯಯನ

ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಸಾಗುವ, 24 ಎಳೆಗಳಿರುವ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಈ ಅಧ್ಯಯನದ ವಸ್ತು. ಅದು ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿಗಳನ್ನು ದಾಟಿ ಉಡುಪಿ ಸೇರುತ್ತದೆ. ರಸ್ತೆಯ ಅಳತೆಗಿಂತ ಕೇಬಲ್ಲಿನ ಅಳತೆ ಯಾವಾಗಲೂ ಹೆಚ್ಚು, ಏಕೆಂದರೆ ಪ್ರತಿಯೊಂದು ಜಾಯಿಂಟ್ ಬಳಿ ಮುಂದಿನ ದುರಸ್ತಿಗೆಂದು ಒಂದಷ್ಟು ಮೀಟರ್ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಹಾಗಾಗಿ ಇಲ್ಲಿ ಬೆಳಕು ಕ್ರಮಿಸುವ ದೂರ 62 ಕಿಲೋಮೀಟರ್. ಈ ಕೇಬಲ್ಲಿನ ಮೇಲೆ ಕರಾವಳಿಯ ಮನೆ, ಅಂಗಡಿ, ಕಚೇರಿಗಳಿಗೆ ಇಂಟರ್‌ನೆಟ್ ಕೊಡುವ ಸ್ಥಳೀಯ ಸಂಸ್ಥೆಯೊಂದು ತನ್ನ ಮುಖ್ಯ ಮಾರ್ಗವನ್ನು ನಡೆಸುತ್ತಿತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಕಿಲ್ಲ. ಮಾರ್ಗದ ಸಾಮರ್ಥ್ಯವನ್ನು ಹೆಚ್ಚಿಸುವ ಕೆಲಸದಲ್ಲಿ ತಾಂತ್ರಿಕ ಸಲಹೆಗಾರನಾಗಿ ಭಾಗವಹಿಸಿದವನಾಗಿ, ಅಲ್ಲಿ ಕಂಡದ್ದನ್ನೂ ಅಳೆದದ್ದನ್ನೂ ಲೆಕ್ಕ ಹಾಕಿದ್ದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಸಂಸ್ಥೆಯವರು ನಮ್ಮ ಮುಂದಿಟ್ಟ ಪ್ರಶ್ನೆ ಸರಳವಾಗಿತ್ತು: ಈಗಿರುವ 80 ಗಿಗಾಬಿಟ್ ಸಾಲುತ್ತಿಲ್ಲ, ಹೆಚ್ಚಿಸಲು ಯಾವ ಯಂತ್ರ ಕೊಳ್ಳಬೇಕು? ವಿದ್ಯುತ್ತಿನ ಮಾತು ಆಗ ಬಂದಿರಲಿಲ್ಲ. ಅದು ಬಂದದ್ದು ಮೂಲ್ಕಿಯ ಕೋಣೆಯ ಬಾಗಿಲು ತೆರೆದ ದಿನ.

ತುಂಬಿದ ಸಂಜೆಗಳು

ಹಳೆಯ ವ್ಯವಸ್ಥೆಯಲ್ಲಿ ಒಂದು ಜೋಡಿ ಎಳೆಗಳ ಮೇಲೆ ಎಂಟು ಬೇರೆ ಬೇರೆ ತರಂಗಾಂತರಗಳನ್ನು ಒಟ್ಟುಗೂಡಿಸಿ ಕಳುಹಿಸಲಾಗುತ್ತಿತ್ತು, ಪ್ರತಿಯೊಂದು ತರಂಗಾಂತರದ ಮೇಲೆ 10 ಗಿಗಾಬಿಟ್. ಕಾಗದದ ಮೇಲೆ ಇದು 80 ಗಿಗಾಬಿಟ್. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬಳಕೆ 72 ಗಿಗಾಬಿಟ್ ಮುಟ್ಟುತ್ತಿತ್ತು, ಆದರೆ ಗ್ರಾಹಕರ ದೂರು ಅದಕ್ಕೆ ಬಹಳ ಮೊದಲೇ, 60ರ ಆಸುಪಾಸಿನಲ್ಲೇ ಆರಂಭವಾಗುತ್ತಿತ್ತು. ಕಾರಣವೇನೆಂದರೆ, ಎಂಟು ಹಾದಿಗಳನ್ನು ಒಂದೇ ಹಾದಿಯಂತೆ ಬಳಸುವಾಗ ಮಾಹಿತಿಯನ್ನು ಹಾದಿಗಳಿಗೆ ಹಂಚುವ ಯಂತ್ರವಾದ ಸ್ವಿಚ್ ಪ್ರತಿಯೊಂದು ಸಂಪರ್ಕವನ್ನು ವಿಳಾಸದ ಲೆಕ್ಕಾಚಾರದಿಂದ ಯಾವುದೋ ಒಂದು ಹಾದಿಗೆ ಹಚ್ಚುತ್ತದೆ. ಯಾವ ಹಾದಿ ತುಂಬಿದೆ, ಯಾವುದು ಖಾಲಿಯಿದೆ ಎಂದು ಅದು ನೋಡುವುದಿಲ್ಲ. ಹೀಗಾಗಿ ಮೂರನೆಯ ಹಾದಿ ಪೂರ್ತಿ ತುಂಬಿ ಮಾಹಿತಿ ಚೆಲ್ಲುತ್ತಿದ್ದಾಗ ಏಳನೆಯದರಲ್ಲಿ ಮೂರನೇ ಒಂದು ಭಾಗ ಖಾಲಿ ಇರುತ್ತಿತ್ತು. ಸಣ್ಣ ಹಾದಿಗಳನ್ನು ಹೆಚ್ಚಿಸುತ್ತ ಹೋದಷ್ಟೂ ಈ ಅಸಮತೋಲನ ಉಳಿದೇ ಉಳಿಯುತ್ತದೆ. ಮುಂದೆ ಆಯ್ಕೆ ಮಾಡುವಾಗ ಈ ಒಂದು ಅಂಶ ನಾವು ಮೊದಲು ಭಾವಿಸಿದ್ದಕ್ಕಿಂತ ಹೆಚ್ಚು ತೂಗಿತು.

ಮೂಲ್ಕಿಯ ಕೋಣೆ

ಮಾರ್ಗದ ಸರಿಸುಮಾರು ನಡುವೆ, ಮೂಲ್ಕಿಯಲ್ಲಿ, ಬಾಡಿಗೆಗೆ ಪಡೆದ ಒಂದು ಕೋಣೆಯಿತ್ತು. ಮಂಗಳೂರಿನಿಂದ ಹೊರಟ ಎಂಟೂ ತರಂಗಾಂತರಗಳು ಅಲ್ಲಿ ಬೇರ್ಪಟ್ಟು, ಬೆಳಕಿನಿಂದ ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು, ಒಂದು ಸ್ವಿಚ್ ಹಾದು, ಮತ್ತೆ ಬೆಳಕಾಗಿ ಉಡುಪಿಯತ್ತ ಹೊರಡುತ್ತಿದ್ದವು. ಆ ಸ್ವಿಚ್ ಹಾದುಹೋಗುವ 72 ಗಿಗಾಬಿಟ್‌ನಲ್ಲಿ ಮೂಲ್ಕಿಯ ಗ್ರಾಹಕರಿಗೆ ಸೇರಿದ್ದು ಸುಮಾರು 6 ಮಾತ್ರ. ಉಳಿದದ್ದೆಲ್ಲ ಅಲ್ಲಿ ಕೆಲಸವಿಲ್ಲದೆ ಇಳಿದು ಹತ್ತುತ್ತಿತ್ತು, ಮಂಗಳೂರಿನಿಂದ ಉಡುಪಿಗೆ ನೇರ ಬಸ್ಸಿದ್ದರೂ ಮೂಲ್ಕಿಯಲ್ಲಿ ಎಲ್ಲರನ್ನೂ ಇಳಿಸಿ ಇನ್ನೊಂದು ಬಸ್ಸಿಗೆ ಹತ್ತಿಸಿದ ಹಾಗೆ.

ಹೀಗೇಕೆ ಮಾಡಿದರು ಎಂದರೆ ಆಗ ಅದೇ ಅಗ್ಗವಾಗಿತ್ತು. ಮಾರ್ಗ ಆರಂಭವಾದಾಗ ಕೊಂಡದ್ದು, ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಕಳುಹಿಸುವ ಮತ್ತು ಬಂದ ಬೆಳಕನ್ನು ಮರಳಿ ಸಂಕೇತವಾಗಿಸುವ, 40 ಕಿಲೋಮೀಟರ್ ತಲುಪುವ 10 ಗಿಗಾಬಿಟ್ ಮಾಡ್ಯೂಲ್‌ಗಳನ್ನು. ಇಂತಹ ಮಾಡ್ಯೂಲಿಗೆ ಎರಡು ಮಿತಿಗಳಿರುತ್ತವೆ. ಮೊದಲನೆಯದು ಬೆಳಕಿನ ನಷ್ಟ. ಎರಡನೆಯದು ಹರಡುವಿಕೆ: ಸಾಮಾನ್ಯ ಜಿ.652 ಫೈಬರಿನಲ್ಲಿ 1550 ನ್ಯಾನೋಮೀಟರ್ ಸುತ್ತಲಿನ ಬೆಳಕಿನ ಸ್ಪಂದನವು, ತರಂಗಾಂತರದ ಪ್ರತಿ ನ್ಯಾನೋಮೀಟರ್ ಅಗಲಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ ಹರಡುತ್ತದೆ. 62 ಕಿಲೋಮೀಟರಿಗೆ ಇದು ಸಾವಿರ ಮೀರುತ್ತದೆ, ಮತ್ತು ಅಷ್ಟು ಹರಡಿದ ಸ್ಪಂದನಗಳನ್ನು ಆ ಮಾಡ್ಯೂಲ್‌ಗಳು ಒಂದರಿಂದ ಇನ್ನೊಂದನ್ನು ಬಿಡಿಸಿ ಓದಲಾರವು. ಆದ್ದರಿಂದ ನಡುವೆ ಒಂದು ನಿಲ್ದಾಣ ಬೇಕಾಯಿತು.

ಇತಿಹಾಸದ ದೃಷ್ಟಿಯಿಂದ ನೋಡಿದರೆ ಮೂಲ್ಕಿಯ ಕೋಣೆ ಬಹಳ ಹಳೆಯ ಕಾಲಕ್ಕೆ ಸೇರಿದ್ದು. 1988ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಕೆಲಸ ಆರಂಭಿಸಿದ ಮೊದಲ ಫೈಬರ್ ಕೇಬಲ್, ಟಿಎಟಿ-8, ಇದೇ ರೀತಿಯಲ್ಲಿ ನಡುನಡುವೆ ಬೆಳಕನ್ನು ವಿದ್ಯುತ್ತಾಗಿಸಿ ಮತ್ತೆ ಬೆಳಕಾಗಿಸುತ್ತಿತ್ತು. ಅದರ ಒಂದೊಂದು ಜೋಡಿಯ ವೇಗ 280 ಮೆಗಾಬಿಟ್. 1987ರ ಸುಮಾರಿಗೆ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ಅವರ ತಂಡವೂ ಬೆಲ್ ಪ್ರಯೋಗಾಲಯದ ಇಮ್ಯಾನುಯೆಲ್ ಡೆಸುರ್ವಿರ್ ಮುಂತಾದವರೂ ಎರ್ಬಿಯಂ ಬೆರೆಸಿದ ಫೈಬರಿನಿಂದ ಬೆಳಕನ್ನು ಬೆಳಕಾಗಿಯೇ ವರ್ಧಿಸಿ ತೋರಿಸಿದ ಮೇಲೆ ಆ ನಿಲ್ದಾಣಗಳ ಅಗತ್ಯ ತಪ್ಪತೊಡಗಿತು. ಸಾಗರದ ತಳದಲ್ಲಿ 1990ರ ದಶಕದಲ್ಲೇ ಕೈಬಿಟ್ಟ ಪದ್ಧತಿಯನ್ನು ಮೂಲ್ಕಿಯ ಶಾಂಭವಿ ಹೊಳೆಯ ದಡದಲ್ಲಿ ನಾವಿನ್ನೂ ಸಾಕುತ್ತಿದ್ದೆವು.

ಕೋಣೆಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇತ್ತು, ಇದು ನಮ್ಮ ಅದೃಷ್ಟ. ಎರಡು ವಾರಗಳ ಸರಾಸರಿ ತೆಗೆದಾಗ ಕೋಣೆ ಸುಮಾರು 1,050 ವ್ಯಾಟ್ ಎಳೆಯುತ್ತಿತ್ತು, ಅಂದರೆ ದಿನಕ್ಕೆ 25 ಯೂನಿಟ್. ಸ್ವಿಚ್ ಮತ್ತು ಅದರೊಳಗಿನ ಮಾಡ್ಯೂಲ್‌ಗಳು ಸೇರಿ 310 ವ್ಯಾಟ್. ಎಸಿ ವಿದ್ಯುತ್ತನ್ನು 48 ವೋಲ್ಟ್ ಡಿಸಿಗೆ ಬದಲಿಸುವ ಯಂತ್ರದ ನಷ್ಟ, ಬ್ಯಾಟರಿಯ ಚಾರ್ಜಿಂಗ್, ದೀಪ ಇತ್ಯಾದಿಗೆ 90. ಉಳಿದ 650 ವ್ಯಾಟ್ ಹವಾನಿಯಂತ್ರಣ ಯಂತ್ರದ್ದು. ಬೆಳಕನ್ನು ಸೃಷ್ಟಿಸುವ ಮಾಡ್ಯೂಲ್‌ಗಳ ಪಾಲು ಈ ಎಲ್ಲದರಲ್ಲಿ 24 ವ್ಯಾಟ್. ಫೈಬರಿನೊಳಕ್ಕೆ ನಿಜಕ್ಕೂ ಇಳಿಯುವ ಬೆಳಕನ್ನಂತೂ ಮಿಲಿವ್ಯಾಟ್‌ಗಳಲ್ಲೇ ಅಳೆಯಬೇಕು.

ಮುಂದಿದ್ದ ದಾರಿಗಳು

ಮೊದಲ ದಾರಿ, ಇದೇ ವ್ಯವಸ್ಥೆಗೆ ಇನ್ನಷ್ಟು 10 ಗಿಗಾಬಿಟ್ ತರಂಗಾಂತರಗಳನ್ನು ಸೇರಿಸುವುದು. ಒಂದು ತರಂಗಾಂತರಕ್ಕೆ ಎರಡು ತುದಿಗಳಲ್ಲಿ ಎರಡು, ಮೂಲ್ಕಿಯಲ್ಲಿ ಎರಡು, ಹೀಗೆ ನಾಲ್ಕು ಮಾಡ್ಯೂಲ್ ಬೇಕು. ಒಂದಕ್ಕೆ ಸುಮಾರು 1.5 ವ್ಯಾಟ್ ಎಂದರೆ 10 ಗಿಗಾಬಿಟ್ ಸಾಗಿಸಲು 6 ವ್ಯಾಟ್. ಮೂಲ್ಕಿಯ ಸ್ವಿಚ್ಚಿನಲ್ಲಿ ಜಾಗವೂ ಮುಗಿದಿತ್ತು. ಇದನ್ನು ಹೆಚ್ಚು ಚರ್ಚಿಸದೆ ಬಿಟ್ಟೆವು.

ಎರಡನೆಯದು ನಿಜಕ್ಕೂ ಆಕರ್ಷಕವಾಗಿತ್ತು. 80 ಕಿಲೋಮೀಟರ್ ತಲುಪುವ 100 ಗಿಗಾಬಿಟ್ ಮಾಡ್ಯೂಲ್‌ಗಳು ಮಾರುಕಟ್ಟೆಯಲ್ಲಿವೆ. ಇವು 1300 ನ್ಯಾನೋಮೀಟರ್ ಸಮೀಪದ ನಾಲ್ಕು ತರಂಗಾಂತರಗಳನ್ನು ಬಳಸುತ್ತವೆ. ಬೆಳಕಿನ ನಷ್ಟವನ್ನು ಅಳೆಯುವುದು ಡೆಸಿಬೆಲ್ ಲೆಕ್ಕದಲ್ಲಿ, 3 ಡೆಸಿಬೆಲ್ ಎಂದರೆ ಬೆಳಕು ಸುಮಾರು ಅರ್ಧಕ್ಕೆ ಇಳಿದಂತೆ. ಆ ತರಂಗಾಂತರಗಳಲ್ಲಿ ಫೈಬರಿನ ನಷ್ಟ ಕಿಲೋಮೀಟರಿಗೆ 0.33 ಡೆಸಿಬೆಲ್‌ನಷ್ಟು ಹೆಚ್ಚಾದರೂ ಹರಡುವಿಕೆ ತೀರಾ ಕಡಿಮೆ. ಒಂದು ಮಾಡ್ಯೂಲಿಗೆ ಸುಮಾರು 6.5 ವ್ಯಾಟ್, ಎರಡು ತುದಿಗೆ 13. ನಾಲ್ಕು ಜೋಡಿ ಎಳೆಗಳ ಮೇಲೆ ನಾಲ್ಕು ಇಂತಹ ಕೊಂಡಿ ಹಾಕಿದರೆ 400 ಗಿಗಾಬಿಟ್, 52 ವ್ಯಾಟ್. ಒಂದು ಕೆಟ್ಟರೂ ಮೂರು ಉಳಿಯುತ್ತವೆ. ಆದರೆ ಪ್ರತಿ 100 ಗಿಗಾಬಿಟ್‌ಗೆ ಒಂದು ಜೋಡಿ ಎಳೆ ಪೂರ್ತಿ ಹೋಗುತ್ತದೆ, ಆ ಜೋಡಿಯ ಮೇಲೆ ಮುಂದೆ ಬೆಳೆಸಲು ಅವಕಾಶ ಕಡಿಮೆ, ಮತ್ತು ಹಾದಿಗಳ ನಡುವಿನ ಆ ಹಳೆಯ ಅಸಮತೋಲನ ಸಣ್ಣದಾಗಿಯಾದರೂ ಮುಂದುವರಿಯುತ್ತದೆ.

ಮೂರನೆಯದು ಕೊಹೆರೆಂಟ್ ತಂತ್ರಜ್ಞಾನ. ಹಳೆಯ ಮಾಡ್ಯೂಲ್ ಬೆಳಕು ಇದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುತ್ತದೆ. ಕೊಹೆರೆಂಟ್ ಮಾಡ್ಯೂಲಿನ ರಿಸೀವರ್ (ಬೆಳಕನ್ನು ಸ್ವೀಕರಿಸುವ ಭಾಗ) ಬಂದ ಬೆಳಕನ್ನು ತನ್ನದೇ ಲೇಸರಿನ ಬೆಳಕಿನ ಜೊತೆ ಬೆರೆಸಿ ಅದರ ಪ್ರಬಲತೆ, ಅಲೆಯ ಹಂತ (ಫೇಸ್), ಧ್ರುವೀಕರಣ (ಅಲೆ ಅಲುಗುವ ದಿಕ್ಕು) ಮೂರನ್ನೂ ಅಳೆಯುತ್ತದೆ. ಅಂತರರಾಷ್ಟ್ರೀಯ ಉದ್ಯಮ ವೇದಿಕೆಯಾದ ಒಐಎಫ್ 2020ರಲ್ಲಿ ಪ್ರಕಟಿಸಿದ 400-ಝಡ್ಆರ್ ಒಪ್ಪಂದದ ಪ್ರಕಾರ, ಸೆಕೆಂಡಿಗೆ ಸುಮಾರು 60 ಶತಕೋಟಿ ಸಂಜ್ಞೆಗಳು ಹೊರಡುತ್ತವೆ. ಪ್ರತಿಯೊಂದು ಸಂಜ್ಞೆ 16 ಸ್ಥಾನಗಳಲ್ಲಿ ಒಂದನ್ನು ಆರಿಸುವುದರಿಂದ 4 ಬಿಟ್ ಹೊರುತ್ತದೆ. ಎರಡು ಧ್ರುವೀಕರಣಗಳಲ್ಲಿ ಇದು ನಡೆಯುವುದರಿಂದ ಒಟ್ಟು ಸುಮಾರು 480 ಗಿಗಾಬಿಟ್. ತಪ್ಪು ತಿದ್ದುವ ಸಂಕೇತಗಳಿಗೆ ಒಂದು ಪಾಲು ಕಳೆದರೆ 400 ಉಳಿಯುತ್ತದೆ. ಸ್ಪಂದನದ ಹರಡುವಿಕೆಯನ್ನು ಮಾಡ್ಯೂಲಿನೊಳಗಿನ ಚಿಪ್ಪೇ ಗಣಿತದಿಂದ ಮರಳಿ ಮಡಚುತ್ತದೆ. ಹಾಗಾಗಿ ಯಾವ ಕಾರಣಕ್ಕೆ ಮೂಲ್ಕಿಯ ನಿಲ್ದಾಣ ಹುಟ್ಟಿತ್ತೋ ಆ ಕಾರಣವೇ ಇಲ್ಲಿ ಇಲ್ಲವಾಗುತ್ತದೆ. ಬೆಲೆಯೆಂದರೆ ಆ ಚಿಪ್ಪಿನ ಹಸಿವು: ಒಂದು ಮಾಡ್ಯೂಲಿಗೆ 15ರಿಂದ 20 ವ್ಯಾಟ್, ಹೆಚ್ಚು ಬೆಳಕು ಹೊರಡಿಸುವ ಬಗೆಯಾದರೆ 20ರ ಆಸುಪಾಸು.

ಎರಡು ತುದಿಗೆ 40 ವ್ಯಾಟ್, 400 ಗಿಗಾಬಿಟ್. ಹಳೆಯ ವ್ಯವಸ್ಥೆಯಲ್ಲಿ ಒಂದು ಗಿಗಾಬಿಟ್‌ಗೆ 0.6 ವ್ಯಾಟ್ ಇದ್ದದ್ದು ಇಲ್ಲಿ 0.1 ಆಗುತ್ತದೆ. ಮಾರಾಟಗಾರರ ಕರಪತ್ರ ಇಲ್ಲಿಗೆ ಮುಗಿಯುತ್ತದೆ. ನಮ್ಮ ಕೆಲಸ ಇಲ್ಲಿಂದ ಶುರುವಾಯಿತು, ಏಕೆಂದರೆ ಈ ಬಗೆಯ ಸಾಮಾನ್ಯ ಮಾಡ್ಯೂಲ್ ಬೆಳಕನ್ನು ವರ್ಧಿಸುವ ಆಂಪ್ಲಿಫಯರ್ ಇಲ್ಲದೆ ತಾಳಬಲ್ಲ ನಷ್ಟ 11 ಡೆಸಿಬೆಲ್ ಮಾತ್ರ. ಒಂದು ಮಿಲಿವ್ಯಾಟ್ ಹೊರಡಿಸುವ ಪ್ರಬಲ ಬಗೆಯದಾದರೆ ಸುಮಾರು 20. ನಮ್ಮ ಕೇಬಲ್ಲಿನ ಕೆಟ್ಟ ಎಳೆಯಲ್ಲಿ ಪವರ್ ಮೀಟರ್ ತೋರಿಸಿದ್ದು 21.4.

ಕೇಬಲ್ಲಿನ ತಪಾಸಣೆ

62 ಕಿಲೋಮೀಟರ್ ಒಳ್ಳೆಯ ಫೈಬರಿನಲ್ಲಿ 1550 ನ್ಯಾನೋಮೀಟರಿನ ನಷ್ಟ, ಕಿಲೋಮೀಟರಿಗೆ 0.2ರಂತೆ, 12.4 ಡೆಸಿಬೆಲ್. ಹಾಗಾದರೆ ಉಳಿದ 9 ಡೆಸಿಬೆಲ್ ಎಲ್ಲಿ ಹೋಯಿತು? ಎರಡೂ ತುದಿಗಳಲ್ಲಿ ಆಂಪ್ಲಿಫಯರ್ ಹಾಕಿ ಈ ಪ್ರಶ್ನೆಯನ್ನೇ ಕೇಳದೆ ಮುಂದೆ ಹೋಗಬಹುದಿತ್ತು. ಒಂದೊಂದಕ್ಕೆ 15 ವ್ಯಾಟ್ ಎಂದರೂ 30 ವ್ಯಾಟ್, ಅಂದರೆ ಮಾಡ್ಯೂಲ್‌ಗಳು ಬಳಸುವ ವಿದ್ಯುತ್ತಿನ ಮುಕ್ಕಾಲು ಪಾಲು, ಕೇಬಲ್ಲಿನ ಕೊಳೆಯನ್ನು ಮುಚ್ಚಿಹಾಕುವುದಕ್ಕಾಗಿ ವರ್ಷವಿಡೀ ಉರಿಯುತ್ತಿತ್ತು. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಜಾಯಿಂಟ್ ಹಾಕಿದ, ಎಲ್ಲರೂ ಅಣ್ಣ ಎಂದೇ ಕರೆಯುವ ಹಿರಿಯ ಸ್ಪ್ಲೈಸರ್ ಒಬ್ಬರಿದ್ದರು. ಆಂಪ್ಲಿಫಯರ್ ಮಾತು ಬಂದಾಗ ಅವರು ಹೇಳಿದ್ದು ಇಷ್ಟೇ: "ಬೆಳಕು ಜಾಸ್ತಿ ಮಾಡಿದ್ರೆ ಆಗುದಿಲ್ಲ ಮಾರಾಯ್ರೆ, ಪೆಟ್ಟಿಗೆ ಬಿಚ್ಚಿ ನೋಡ್ಬೇಕು. ಒಳಗೆ ಏನುಂಟು ಅಂತ ನನಗೆ ಗೊತ್ತುಂಟು." ಅದರಲ್ಲಿ ಕೆಲವನ್ನು ಅವರೇ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ಟಾರ್ಚ್ ಬೆಳಕಿನಲ್ಲಿ ಕಟ್ಟಿದ್ದರು.

ಹೆದ್ದಾರಿಯ ಅಂಚಿನ ಕೇಬಲ್ಲಿನ ಜೀವನಚರಿತ್ರೆ ಅಗೆತಗಳ ಚರಿತ್ರೆಯೇ. ರಸ್ತೆ ಅಗಲಗೊಳಿಸುವಾಗ, ಸರ್ವಿಸ್ ರಸ್ತೆ ಮಾಡುವಾಗ, ನೀರಿನ ಕೊಳವೆ ಹಾಕುವಾಗ ಜೆಸಿಬಿಯ ಹಲ್ಲು ತಾಗಿ ಕೇಬಲ್ ತುಂಡಾಗುತ್ತದೆ. ಒಂದು ಕಡೆ ತುಂಡಾದರೆ ನಡುವೆ ಹೊಸ ತುಣುಕು ಸೇರಿಸಿ ಎರಡು ಕಡೆ ಬೆಸೆಯಬೇಕಾಗುತ್ತದೆ. ಕಾರ್ಖಾನೆಯಿಂದ ಬಂದ ಡ್ರಮ್‌ಗಳ ಲೆಕ್ಕದಲ್ಲಿ ಈ ಮಾರ್ಗಕ್ಕೆ ಇಪ್ಪತ್ತು ಮೂವತ್ತು ಜಾಯಿಂಟ್ ಸಾಕಿತ್ತು. ನಾವು ಎಣಿಸಿದಾಗ ಐವತ್ತು ದಾಟಿತು. ಯಂತ್ರದಲ್ಲಿ ಸರಿಯಾಗಿ ಮಾಡಿದ ಬೆಸುಗೆಯ ನಷ್ಟ 0.05 ಡೆಸಿಬೆಲ್‌ನಷ್ಟು. ಐವತ್ತು ಬೆಸುಗೆಗೂ 2.5 ಮೀರಬಾರದು.

ಫೈಬರಿನೊಳಕ್ಕೆ ಬೆಳಕಿನ ಸ್ಪಂದನ ಕಳುಹಿಸಿ, ಮರಳಿ ಬರುವ ಬೆಳಕಿನಿಂದ ಎಲ್ಲಿ ಎಷ್ಟು ನಷ್ಟವಾಗಿದೆಯೆಂದು ಗೆರೆಯಾಗಿ ತೋರಿಸುವ ಒಟಿಡಿಆರ್ ಯಂತ್ರದಿಂದ ಮಾರ್ಗವನ್ನು 1310, 1550, 1625 ನ್ಯಾನೋಮೀಟರ್ ಮೂರರಲ್ಲೂ, ಎರಡೂ ತುದಿಗಳಿಂದಲೂ ಅಳೆದೆವು. ಎರಡೂ ಕಡೆಯಿಂದ ಅಳೆಯುವುದು ಶಾಸ್ತ್ರಕ್ಕಾಗಿ ಅಲ್ಲ. ಬೇರೆ ಬೇರೆ ತಯಾರಿಕೆಯ ಫೈಬರ್‌ಗಳು ಕೂಡುವಲ್ಲಿ ಒಂದು ಕಡೆಯಿಂದ ನೋಡಿದರೆ ನಷ್ಟದ ಬದಲು ಲಾಭವಾದಂತೆ ಕಾಣುತ್ತದೆ, ಇನ್ನೊಂದು ಕಡೆಯಿಂದ ಇಲ್ಲದ ನಷ್ಟ ಕಾಣುತ್ತದೆ. ಎರಡರ ಸರಾಸರಿಯೇ ನಿಜ. ಒಂದೇ ಕಡೆಯ ಗೆರೆ ನಂಬಿ ಚೆನ್ನಾಗಿರುವ ಜಾಯಿಂಟ್ ಬಿಚ್ಚಿ ಕೆಡಿಸಿದ ಉದಾಹರಣೆ ಹಿಂದಿನ ದುರಸ್ತಿಯ ಪುಸ್ತಕದಲ್ಲೇ ಇತ್ತು. ಮೂರು ತರಂಗಾಂತರಗಳ ಉಪಯೋಗ ಬೇರೆ. ಬೆಸುಗೆ ಕೆಟ್ಟಿದ್ದರೆ ನಷ್ಟ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಎಳೆ ಎಲ್ಲಾದರೂ ಬಿಗಿಯಾಗಿ ಬಾಗಿದ್ದರೆ 1310ರಲ್ಲಿ ಅಷ್ಟಾಗಿ ಕಾಣದ ನಷ್ಟ 1550ರಲ್ಲಿ ಕಾಣುತ್ತದೆ, 1625ರಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ತರಂಗಾಂತರ ಹೆಚ್ಚಿದಷ್ಟೂ ಬೆಳಕು ಫೈಬರಿನ ತಿರುಳಿನಲ್ಲಿ ಸಡಿಲವಾಗಿ ಹಿಡಿದಿರುತ್ತದೆ, ತಿರುವಿನಲ್ಲಿ ಹೊರಚೆಲ್ಲುತ್ತದೆ.

ಪಡುಬಿದ್ರಿಗೆ ಸ್ವಲ್ಪ ಮೊದಲು ಒಂದು ಜಾಯಿಂಟ್ ಪೆಟ್ಟಿಗೆಯ ಗೆರೆ ಹೀಗೇ ಇತ್ತು: 1310ರಲ್ಲಿ ಸುಮ್ಮನೆ, 1550ರಲ್ಲಿ 1.4 ಡೆಸಿಬೆಲ್. ಬಿಚ್ಚಿದಾಗ ಕೆಂಪು ಮಣ್ಣಿನ ನೀರು ಸುರಿಯಿತು. ಮುಚ್ಚಳದ ರಬ್ಬರ್ ಸರಿಯಾಗಿ ಕೂತಿರಲಿಲ್ಲ. ಒಳಗೆ ಎಳೆಗಳನ್ನು ಸುತ್ತಿಡುವ ತಟ್ಟೆಯ ಮುಚ್ಚಳದ ಅಡಿಯಲ್ಲಿ ನಮ್ಮ ಎಳೆ ಸಿಕ್ಕಿ ಬಾಗಿತ್ತು. ಬೆಸುಗೆ ಚೆನ್ನಾಗಿಯೇ ಇತ್ತು. ಎಳೆಯನ್ನು ಬಿಡಿಸಿ, ಒಣಗಿಸಿ, ಅಗಲವಾಗಿ ಸುತ್ತಿಟ್ಟ ಕೂಡಲೇ 1.4 ಡೆಸಿಬೆಲ್ ಮಾಯವಾಯಿತು. ತೇವದಲ್ಲಿ ವರ್ಷಗಟ್ಟಲೆ ಬಾಗಿ ನಿಂತ ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ನಿಧಾನವಾಗಿ ಬೆಳೆಯುತ್ತವೆ, ಆದ್ದರಿಂದ ಆ ತುಣುಕನ್ನು ಕತ್ತರಿಸಿ ಹೊಸದಾಗಿ ಬೆಸೆಯುವುದೇ ಕ್ಷೇಮವೆಂದು ಅಣ್ಣ ಹಠ ಹಿಡಿದರು, ಹಾಗೆಯೇ ಮಾಡಿದೆವು.

ಮಾರ್ಗದ ಉದ್ದಕ್ಕೂ ಕೆಟ್ಟಿದ್ದ ಏಳು ಬೆಸುಗೆಗಳನ್ನು ಮರಳಿ ಹಾಕಿದ್ದರಿಂದ 1.8 ಡೆಸಿಬೆಲ್ ದಕ್ಕಿತು. ಮೂಲ್ಕಿಯಲ್ಲಿ ಕನೆಕ್ಟರ್ ಮತ್ತು ಪ್ಯಾಚ್ ಕಾರ್ಡ್ (ಎರಡು ತುದಿಗೂ ಕನೆಕ್ಟರ್ ಇರುವ ಗಿಡ್ಡ ಫೈಬರ್ ತುಂಡು) ತೆಗೆದು ಎಳೆಗಳನ್ನು ನೇರವಾಗಿ ಬೆಸೆದದ್ದರಿಂದ 0.7. ಅತ್ಯಂತ ದೊಡ್ಡ ಕಳ್ಳ ಸಿಕ್ಕಿದ್ದು ಮಾತ್ರ ಹೆದ್ದಾರಿಯಲ್ಲಿ ಅಲ್ಲ, ಉಡುಪಿಯ ತಂಪಾದ ಕೋಣೆಯೊಳಗೆ, ರ‍್ಯಾಕಿನ ಹಿಂಬದಿಯಲ್ಲಿ: ಓರೆಯಾಗಿ ತೇಯ್ದ ತುದಿಯ ಹಸಿರು ಕನೆಕ್ಟರಿಗೆ ನೇರ ತುದಿಯ ನೀಲಿ ಪ್ಯಾಚ್ ಕಾರ್ಡನ್ನು ಯಾರೋ ಎಂದೋ ಸಿಕ್ಕಿಸಿದ್ದರು. ಎರಡರ ನಡುವೆ ಉಳಿದ ಗಾಳಿಯ ಸಂದಿಯಲ್ಲಿ 1.9 ಡೆಸಿಬೆಲ್ ಹೋಗುತ್ತಿತ್ತು. ಹಳೆಯ ಮಾಡ್ಯೂಲ್‌ಗಳು ಹೇಗೋ ಸುಧಾರಿಸಿಕೊಂಡಿದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಐವತ್ತು ರೂಪಾಯಿ ಚಿಲ್ಲರೆಯ ವಸ್ತುವೊಂದು ಆಂಪ್ಲಿಫಯರ್ ಕೊಳ್ಳುವ ನಿರ್ಣಯದವರೆಗೆ ನಮ್ಮನ್ನು ತಂದು ನಿಲ್ಲಿಸಿತ್ತು.

ಎಲ್ಲ ಸೇರಿ 5.8 ಡೆಸಿಬೆಲ್. ಮಾರ್ಗದ ನಷ್ಟ 21.4ರಿಂದ 15.6ಕ್ಕೆ ಇಳಿಯಿತು. ಡೆಸಿಬೆಲ್ ಭಾಷೆ ಬಿಟ್ಟು ಹೇಳುವುದಾದರೆ, ಅದೇ ದೀಪದಿಂದ ಉಡುಪಿಗೆ ತಲುಪುವ ಬೆಳಕು ಸುಮಾರು 3.8 ಪಟ್ಟಾಯಿತು. ಒಂದು ಮಿಲಿವ್ಯಾಟ್ ಹೊರಡಿಸಿದರೆ ರಿಸೀವರಿನ ಮಿತಿಗಿಂತ 4.4 ಡೆಸಿಬೆಲ್ ಮೇಲೆ ಇರುತ್ತೇವೆ. ಆಂಪ್ಲಿಫಯರ್ ಬೇಕಾಗಲಿಲ್ಲ.

ಬದಲಾವಣೆ

ಕೆಲಸವನ್ನು ಮಳೆಗಾಲ ಹಿಡಿಯುವ ಮುನ್ನ, ಮೇ ತಿಂಗಳಲ್ಲಿ ಮುಗಿಸಿದೆವು. ಮಂಗಳೂರು–ಉಡುಪಿ ನಡುವೆ ಬೇರೆ ಜೋಡಿಯ ಮೇಲೆ 400 ಗಿಗಾಬಿಟ್ ಒಂದೇ ತರಂಗಾಂತರವನ್ನು ನೇರವಾಗಿ ಹಚ್ಚಿ, ಎರಡು ರಾತ್ರಿ ಪರೀಕ್ಷಿಸಿ, ಮೂರನೆಯ ರಾತ್ರಿ ದಟ್ಟಣೆಯನ್ನು ಅದಕ್ಕೆ ವರ್ಗಾಯಿಸಲಾಯಿತು. ಮೂಲ್ಕಿಯ 6 ಗಿಗಾಬಿಟ್‌ಗೆ ಹಳೆಯ ಮಾಡ್ಯೂಲ್‌ಗಳನ್ನೇ ಬಳಸಿ ಇನ್ನೊಂದು ಜೋಡಿಯ ಮೇಲೆ 10 ಗಿಗಾಬಿಟ್ ಕೊಂಡಿ ಉಳಿಸಿಕೊಂಡೆವು; ಅಲ್ಲಿಗೆ 45 ವ್ಯಾಟಿನ ಒಂದು ಸಣ್ಣ ಸ್ವಿಚ್ ಸಾಕಾಯಿತು.

ಎರಡು ತೊಡಕುಗಳನ್ನು ಹೇಳಬೇಕು. 20 ವ್ಯಾಟ್ ಎಂದರೆ ಕಡಿಮೆಯೆನಿಸುತ್ತದೆ, ಆದರೆ ಹೆಬ್ಬೆರಳಿಗಿಂತ ಸ್ವಲ್ಪ ಅಗಲವಿರುವ ಮಾಡ್ಯೂಲಿನೊಳಗೆ ಅಷ್ಟು ಶಾಖ ಹುಟ್ಟಿದರೆ ಅದನ್ನು ಹೊರಹಾಕುವುದೇ ಒಂದು ಕೆಲಸ. ಮೊದಲ ರಾತ್ರಿ ಸ್ವಿಚ್ಚಿನ ಫ್ಯಾನ್‌ಗಳು ಪೂರ್ಣ ವೇಗಕ್ಕೆ ಏರಿದವು. ಫ್ಯಾನ್ ಎಳೆಯುವ ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಮಾಡ್ಯೂಲಿನ ಸ್ಥಾನ ಬದಲಿಸಿ ಪಕ್ಕದ ಕಿಂಡಿಯನ್ನು ಖಾಲಿ ಬಿಟ್ಟು, ರ‍್ಯಾಕಿನಲ್ಲಿ ಬಿಸಿಗಾಳಿ ಮುಂದಕ್ಕೆ ಮರಳುವ ತೆರಪುಗಳನ್ನು ಮುಚ್ಚಿದ ಮೇಲಷ್ಟೇ ಅವು ಇಳಿದವು.

ಇನ್ನೊಂದು, ಒಡೆಯುವ ಭಯ. ಎಂಟು ತರಂಗಾಂತರಗಳಿದ್ದಾಗ ಒಂದು ಮಾಡ್ಯೂಲ್ ಸತ್ತರೆ ಎಂಟನೇ ಒಂದು ಭಾಗ ಹೋಗುತ್ತಿತ್ತು. ಈಗ ಒಂದು ಸತ್ತರೆ ಎಲ್ಲವೂ ಹೋಗುತ್ತದೆ. ಅದೇ ಕೇಬಲ್ಲಿನಲ್ಲಿ ಎರಡನೆಯ ಜೋಡಿ ಇಟ್ಟುಕೊಂಡರೆ ಜೆಸಿಬಿಗೆ ಅದೂ ಸಿಗುತ್ತದೆ. ಆದ್ದರಿಂದ ಮೂಡುಬಿದಿರೆ, ಕಾರ್ಕಳಗಳ ಮೂಲಕ ಉಡುಪಿಗೆ ಬರುವ, ಸುಮಾರು 100 ಕಿಲೋಮೀಟರ್ ಉದ್ದದ ಜೋಡಿಯೊಂದನ್ನು ಬಾಡಿಗೆಗೆ ಪಡೆಯಲಾಯಿತು. ಅಲ್ಲಿನ ನಷ್ಟ 25 ಡೆಸಿಬೆಲ್ ಮೀರುವುದರಿಂದ ಆಂಪ್ಲಿಫಯರ್ ಅನಿವಾರ್ಯ. ವೇಗವನ್ನೂ 200 ಗಿಗಾಬಿಟ್‌ಗೆ ಇಳಿಸಿ, 16 ಸ್ಥಾನಗಳ ಬದಲು 4 ಸ್ಥಾನಗಳ ಸಂಜ್ಞೆ ಬಳಸಿದೆವು, ಏಕೆಂದರೆ ಸ್ಥಾನಗಳು ಕಡಿಮೆಯಾದಷ್ಟೂ ಅವುಗಳ ನಡುವಿನ ಅಂತರ ಹೆಚ್ಚಿ ಗದ್ದಲವನ್ನು ತಾಳುವ ಶಕ್ತಿ ಬರುತ್ತದೆ. ಈ ಮೀಸಲು ದಾರಿಗೆ ಸುಮಾರು 70 ವ್ಯಾಟ್.

ವಿದ್ಯುತ್ತಿನ ಲೆಕ್ಕ

ಕರಪತ್ರದ 0.6 ಮತ್ತು 0.1ರ ಲೆಕ್ಕಕ್ಕೆ ಮರಳೋಣ. ಅದು ಸುಳ್ಳಲ್ಲ, ಆದರೆ ಹಾದಿ ಪೂರ್ತಿ ತುಂಬಿದಾಗ ಮಾತ್ರ ನಿಜ. ಕೊಹೆರೆಂಟ್ ಮಾಡ್ಯೂಲ್ 400 ಗಿಗಾಬಿಟ್ ಹೊತ್ತರೂ 72 ಹೊತ್ತರೂ, ನಡುರಾತ್ರಿ 9 ಹೊತ್ತರೂ ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಒಂದೇ. ಮೊದಲು 72 ಗಿಗಾಬಿಟ್ ಸಾಗಿಸಲು ಮಾಡ್ಯೂಲ್‌ಗಳು 48 ವ್ಯಾಟ್ ಬಳಸುತ್ತಿದ್ದವು. ಈಗ ಅದೇ 72 ಸಾಗಿಸಲು 40 ಬಳಸುತ್ತವೆ. ಆರು ಪಟ್ಟು ದಕ್ಷತೆಯೆಂದು ಹೇಳಿ ಕೊಂಡ ವಸ್ತುವಿನಿಂದ ಮೊದಲ ದಿನ ಉಳಿದದ್ದು 8 ವ್ಯಾಟ್.

ತುದಿಗಳಲ್ಲಿ ಖರ್ಚು ಏರಿತು ಕೂಡ. 400 ಗಿಗಾಬಿಟ್ ಕಿಂಡಿಯಿರುವ ಹೊಸ ಸ್ವಿಚ್‌ಗಳು ಒಂದೊಂದು 350 ವ್ಯಾಟ್ ಎಳೆಯುತ್ತವೆ, ಹಳೆಯವು 260 ಎಳೆಯುತ್ತಿದ್ದವು. ಎರಡು ತುದಿಗೆ 180 ವ್ಯಾಟ್ ಹೆಚ್ಚಳ. ಮೂಲ್ಕಿಯಲ್ಲಿ 1,050 ಇದ್ದದ್ದು 120ಕ್ಕೆ ಇಳಿಯಿತು. ಹವಾನಿಯಂತ್ರಣ ತೆಗೆದು ಗಾಳಿ ಹೊರಹಾಕುವ ಫ್ಯಾನ್ ಹಾಕಿದೆವು. ಇದಕ್ಕೆ ಅಡ್ಡಿಯಾಗಿದ್ದದ್ದು ಸ್ವಿಚ್ ಅಲ್ಲ, ಬ್ಯಾಟರಿ: ಸೀಸದ ಬ್ಯಾಟರಿಗಳ ಆಯುಷ್ಯ 25 ಡಿಗ್ರಿಗಿಂತ ಹತ್ತು ಡಿಗ್ರಿ ಏರಿದರೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೊರೆ ಇಷ್ಟು ಕಡಿಮೆಯಾದ ಮೇಲೆ ಆ ದೊಡ್ಡ ಬ್ಯಾಟರಿ ಸಾಲನ್ನೇ ತೆಗೆದು ಶಾಖ ತಾಳುವ ಒಂದು ಸಣ್ಣ ಲಿಥಿಯಂ ಬ್ಯಾಟರಿ ಇಡಲು ಸಾಧ್ಯವಾಯಿತು.

ಒಟ್ಟು ಲೆಕ್ಕ ಹೀಗೆ ನಿಲ್ಲುತ್ತದೆ. ಮೂಲ್ಕಿಯಲ್ಲಿ ಉಳಿದ 930ರಿಂದ ತುದಿಗಳ 180, ಮೀಸಲು ದಾರಿಯ 70 ಕಳೆದರೆ 680 ವ್ಯಾಟ್, ದಿನಕ್ಕೆ ಸುಮಾರು 16 ಯೂನಿಟ್ ಉಳಿತಾಯ. ತುದಿಯ ಕೋಣೆಗಳ ತಂಪಿನ ಖರ್ಚು ಬಿಟ್ಟು ಇಡೀ ಮಾರ್ಗದ ವಿದ್ಯುತ್ತನ್ನು ಸಂಜೆಯ ಗರಿಷ್ಠ ದಟ್ಟಣೆಯಿಂದ ಭಾಗಿಸಿದರೆ ಮೊದಲು ಒಂದು ಗಿಗಾಬಿಟ್‌ಗೆ ಸುಮಾರು 22 ವ್ಯಾಟ್ ಬೀಳುತ್ತಿತ್ತು, ಈಗ 12. ದಟ್ಟಣೆ 300 ಗಿಗಾಬಿಟ್‌ಗೆ ಏರಿದ ದಿನ ಅದೇ ಯಂತ್ರಗಳಲ್ಲಿ ಅದು 3ಕ್ಕೆ ಇಳಿಯುತ್ತದೆ. ಕರಪತ್ರದ ದಶಾಂಶಗಳಿಗೂ ಈ ಸಂಖ್ಯೆಗಳಿಗೂ ಇರುವ ದೂರವನ್ನು ಸಂಸ್ಥೆಯ ಲೆಕ್ಕಪತ್ರದವರಿಗೆ ವಿವರಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ತುದಿಯ ಕೋಣೆಗಳ ತಂಪಿನ ಬಗ್ಗೆ ಒಂದು ಮಾತು. ಉಡುಪಿಯಲ್ಲಿ ಹವಾನಿಯಂತ್ರಣವನ್ನು ವರ್ಷಗಳಿಂದ 18 ಡಿಗ್ರಿಗೆ ಇಟ್ಟಿದ್ದರು, ಯಂತ್ರಕ್ಕೆ ತಂಪು ಒಳ್ಳೆಯದೆಂಬ ನಂಬಿಕೆಯಲ್ಲಿ. ಕರಾವಳಿಯ ಮಳೆಗಾಲದಲ್ಲಿ ಹೊರಗಿನ ಗಾಳಿ ಸುಮಾರು 24 ಡಿಗ್ರಿಗೆ ತಂಪಾದರೆ ಸಾಕು, ಅದರೊಳಗಿನ ನೀರು ಹನಿಗಟ್ಟುತ್ತದೆ. ಬಾಗಿಲು ತೆರೆದ ಪ್ರತಿ ಸಲವೂ ಆ ಗಾಳಿ ಒಳನುಗ್ಗಿ 18 ಡಿಗ್ರಿಯ ಲೋಹದ ಮೇಲೆ ಬೆವರುತ್ತಿತ್ತು. ಉಪ್ಪುಗಾಳಿಯ ಊರಿನಲ್ಲಿ ಕನೆಕ್ಟರ್‌ಗಳ ಮೇಲೆ ಹಸಿರು ಕಟ್ಟುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. 26ಕ್ಕೆ ಏರಿಸಲು ಸೂಚಿಸಿದೆವು. ಒಂದು ತಿಂಗಳು ಯಾರೂ ಒಪ್ಪಲಿಲ್ಲ, ಆಮೇಲೆ ಗೋಡೆ ಒಣಗಿದ್ದನ್ನು ನೋಡಿ ಒಪ್ಪಿದರು.

400 ತುಂಬಿದ ಮೇಲೆ

ಇದೇ ಒಂದು ಜೋಡಿಯ ಸಾಮರ್ಥ್ಯ 400ಕ್ಕೆ ಮುಗಿಯುವುದಿಲ್ಲ. 1550 ನ್ಯಾನೋಮೀಟರ್ ಸುತ್ತಲಿನ ತರಂಗಾಂತರಗಳ ಪಟ್ಟಿಯಾದ ಸಿ-ಬ್ಯಾಂಡಿನ 4.8 ಟೆರಾಹರ್ಟ್ಸ್ ಅಗಲದಲ್ಲಿ 75 ಗಿಗಾಹರ್ಟ್ಸ್ ಅಂತರದಲ್ಲಿ 64 ತರಂಗಾಂತರ ಕೂರುತ್ತವೆ, ಅಂದರೆ 25.6 ಟೆರಾಬಿಟ್. ಆದರೆ ತರಂಗಾಂತರಗಳನ್ನು ಕೂಡಿಸುವ ಮತ್ತು ಬಿಡಿಸುವ ಪೆಟ್ಟಿಗೆಗಳು ತಾವೇ ಬೆಳಕು ತಿನ್ನುವುದರಿಂದ, ನಮ್ಮ 4.4 ಡೆಸಿಬೆಲ್ ಮೀಸಲು ಕರಗಿ ಆಂಪ್ಲಿಫಯರ್ ಬೇಕಾಗುತ್ತದೆ. ಅರವತ್ತು ತರಂಗಾಂತರಗಳು ಹಂಚಿಕೊಂಡರೆ ಆಂಪ್ಲಿಫಯರಿನ ವಿದ್ಯುತ್ತು ಲೆಕ್ಕಕ್ಕೆ ಬಾರದಷ್ಟು ಸಣ್ಣದು; ಎರಡೇ ತರಂಗಾಂತರಗಳಿದ್ದರೆ ಅದು ದುಬಾರಿ.

ಒಂದೇ ತರಂಗಾಂತರದಲ್ಲಿ ಇನ್ನಷ್ಟು ಹಿಂಡಿದರೆ ಏನು ಎಂಬ ಪ್ರಶ್ನೆಯೂ ಬಂತು. ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರ ಇಲ್ಲಿ ಕಠಿಣ ಯಜಮಾನ: ಸಂಕೇತ ಮತ್ತು ಗದ್ದಲದ ಅನುಪಾತವನ್ನು ಎರಡು ಪಟ್ಟು ಮಾಡಿದರೆ ಒಂದು ಸಂಜ್ಞೆಗೆ ಸಿಗುವುದು ಹೆಚ್ಚೆಂದರೆ ಇನ್ನೊಂದು ಬಿಟ್. ಶಕ್ತಿ ದ್ವಿಗುಣ, ತ್ರಿಗುಣವಾದರೂ ಸಾಮರ್ಥ್ಯ ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಏರುತ್ತದೆ. ಮೇಲಾಗಿ ಫೈಬರಿನ ಗಾಜು ತೀವ್ರ ಬೆಳಕಿಗೆ ತನ್ನ ವಕ್ರೀಭವನ ಗುಣವನ್ನೇ ಬದಲಿಸಿಕೊಳ್ಳುವುದರಿಂದ, ಒಂದು ಹಂತದಾಚೆ ಬೆಳಕು ಹೆಚ್ಚಿಸಿದಷ್ಟೂ ಅದು ತಾನೇ ಗದ್ದಲವಾಗುತ್ತದೆ. ಅದೇ ಶಕ್ತಿಯನ್ನು ಎರಡು ಜೋಡಿಗಳಿಗೆ ಹಂಚಿದರೆ ಸಾಮರ್ಥ್ಯ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ತೀರದಿಂದ ಸಾವಿರಾರು ಕಿಲೋಮೀಟರ್ ದೂರಕ್ಕೆ ಒಂದೇ ತಂತಿಯಲ್ಲಿ ವಿದ್ಯುತ್ತು ಉಣಿಸಬೇಕಾದ ಸಾಗರದ ಕೇಬಲ್ಲಿನವರು ಇದನ್ನು ಎಲ್ಲರಿಗಿಂತ ಮೊದಲು ಮನಗಂಡರು. ಅಮೆರಿಕ ಮತ್ತು ಫ್ರಾನ್ಸ್ ನಡುವೆ ಗೂಗಲ್ ಹಾಕಿಸಿದ ಡ್ಯುನಾಂಟ್ ಕೇಬಲ್ 12 ಜೋಡಿಗಳಲ್ಲಿ 250 ಟೆರಾಬಿಟ್ ಸಾಗಿಸುವಂತೆ ರೂಪಿತವಾದದ್ದು ಈ ತತ್ವದ ಮೇಲೆಯೇ.

ನಮ್ಮ ಕೇಬಲ್ಲಿನಲ್ಲೂ 12 ಜೋಡಿಗಳೇ ಇವೆ, ಬಳಕೆಯಲ್ಲಿರುವುದು ಎರಡು. ಆದ್ದರಿಂದ ಎರಡನೆಯ 400 ಗಿಗಾಬಿಟ್ ಬೇಕಾದಾಗ ಅದನ್ನು ಆಂಪ್ಲಿಫಯರ್ ಇಲ್ಲದೆ ಇನ್ನೊಂದು ಕತ್ತಲ ಜೋಡಿಯ ಮೇಲೆ ಹಾಕಬೇಕೆಂಬುದು ನಮ್ಮ ಶಿಫಾರಸು. ಸಂಸ್ಥೆಯೊಳಗೆ ಇದಕ್ಕೆ ಒಂದು ಆಕ್ಷೇಪವಿದೆ, ಅದು ನ್ಯಾಯವೂ ಹೌದು: ಖಾಲಿ ಜೋಡಿಗಳನ್ನು ಬಾಡಿಗೆಗೆ ಕೊಟ್ಟರೆ ಬರುವ ಹಣ, ಆಂಪ್ಲಿಫಯರಿನ ವಿದ್ಯುತ್ ಬಿಲ್ಲಿಗಿಂತ ಎಷ್ಟೋ ಹೆಚ್ಚು. ನಾಲ್ಕೈದು ಜೋಡಿಗಳವರೆಗೆ ನಮ್ಮ ದಾರಿ, ಅದರಾಚೆ ಅವರ ದಾರಿ ಎಂದು ಸದ್ಯಕ್ಕೆ ಒಪ್ಪಂದವಾಗಿದೆ. ಯಾವ ದಾರಿ ಹಿಡಿದರೂ ಉಳಿದ ಜೋಡಿಗಳನ್ನು ಈಗಲೇ ಎರಡೂ ಕಡೆಯಿಂದ ಅಳೆದಿಡಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಆ ಕೆಲಸವನ್ನು ಅಣ್ಣನ ಕೈಕೆಳಗಿನ ಇಬ್ಬರು ಹುಡುಗರಿಗೆ ವಹಿಸಲಾಗಿದೆ.

ಮುಖ್ಯ ಮಾರ್ಗದ ಬೆಳಕಿನ ಮೀಸಲು 3 ಡೆಸಿಬೆಲ್‌ಗಿಂತ ಕೆಳಗೆ ಇಳಿದರೆ ಆ ವರ್ಷದ ಜಾಯಿಂಟ್‌ಗಳನ್ನು ಮರುಪರಿಶೀಲಿಸಬೇಕೆಂದು ನಿಯಮ ಮಾಡಿಕೊಂಡೆವು. ಮೊದಲ ಮಳೆಗಾಲದಲ್ಲಿ, ಆಟಿ ತಿಂಗಳ ಒಂದು ಸಂಜೆ, ಕಾಪುವಿನ ಬಳಿ ಚರಂಡಿ ಅಗೆಯುವಾಗ ಕೇಬಲ್ ತುಂಡಾಯಿತು. ಕಾರ್ಕಳದ ದಾರಿ ಸಂಜೆಯ ದಟ್ಟಣೆಯನ್ನು ಹೊತ್ತುಕೊಂಡಿತು. ಈ ಬಾರಿ ಬೆಸುಗೆಯ ಮೇಲೆ ಟಾರ್ಪಾಲು ಕಟ್ಟಿ, ಪೆಟ್ಟಿಗೆಯ ರಬ್ಬರ್ ಹೊಸದು ಹಾಕಿ, ಮುಚ್ಚುವ ಮೊದಲು 1625ರಲ್ಲಿ ಇನ್ನೊಮ್ಮೆ ಅಳೆದರು. ಮಾರ್ಗದ ನಷ್ಟ 15.7 ಡೆಸಿಬೆಲ್ ಎಂದು ಪುಸ್ತಕದಲ್ಲಿ ಬರೆದಿದೆ.